ಮನೆಯ ಕಪಾಟಿಗೆ ಎರಡು ಹೆಸರು

ಕಾಸರಗೋಡಿನ ಕನ್ನಡ ಸಭೆಗಳಲ್ಲಿ ಮಂಜೇಶ್ವರದ ಗೋವಿಂದ ಪೈಗಳ ಹೆಸರು, ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ತಪ್ಪದೆ ಕೇಳಿಬರುತ್ತವೆ. ಬರಬೇಕಾದದ್ದೇ. ಆದರೆ ಸಭೆ ಮುಗಿದ ಮೇಲೆ ಯಾರಾದರೂ ಹತ್ತಿರ ಬಂದು, "ಮಾಷ್ಟ್ರೇ, ಮಕ್ಕಳಿಗೆ ಓದಲಿಕ್ಕೆ ನಮ್ಮವರು ಇನ್ನು ಯಾರಿದ್ದಾರೆ?" ಎಂದು ಕೇಳಿದರೆ ನಾನು ಬೇರೆ ಎರಡು ಹೆಸರು ಹೇಳುತ್ತೇನೆ.

ಮೊದಲನೆಯವರು ಕೆ. ವಿ. ತಿರುಮಲೇಶ್. 1940ರಲ್ಲಿ ಕಾರಡ್ಕದಲ್ಲಿ ಹುಟ್ಟಿದವರು. ಹೈದರಾಬಾದಿನಲ್ಲಿ ಭಾಷಾವಿಜ್ಞಾನದ ಪ್ರಾಧ್ಯಾಪಕರಾಗಿದ್ದು, 2023ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. 'ಮುಖವಾಡಗಳು' ಅವರ ಮೊದಲ ಸಂಕಲನ, 1968ರದ್ದು. 'ಅಕ್ಷಯ ಕಾವ್ಯ'ಕ್ಕೆ 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ಬಂದವರು ಅಪರಿಚಿತರು ಹೇಗಾದಾರು ಎಂದು ನೀವು ಕೇಳಬಹುದು. ನಮ್ಮ ಎಷ್ಟು ಮನೆಗಳ ಕಪಾಟಿನಲ್ಲಿ ಅವರ ಒಂದಾದರೂ ಪುಸ್ತಕವಿದೆ, ಎಣಿಸಿ ನೋಡಿ. ಕಷ್ಟವೆಂಬ ಹೆದರಿಕೆ ಬೇಡ. ಅಕ್ಷಯ ಕಾವ್ಯದಲ್ಲಿ ಹಿಂಬಾಲಿಸಬೇಕಾದ ಕಥೆಯಿಲ್ಲ, ನಾಯಕನಿಲ್ಲ. ಯಾವ ಪುಟವನ್ನಾದರೂ ತೆರೆಯಬಹುದು. ನಾನು ಮಳೆಗಾಲದ ರಾತ್ರಿಗಳಲ್ಲಿ ಎರಡೆರಡು ಪುಟದಂತೆ ಓದಿದೆ. ಗಡಿನಾಡಿನ ಕನ್ನಡವೆಂದರೆ ಬರೀ ಅಳಲಿನ ಕನ್ನಡವಲ್ಲ, ಲೋಕದ ಯಾವ ವಿಚಾರವನ್ನೂ ಎತ್ತಿಕೊಳ್ಳಬಲ್ಲ ಕನ್ನಡ ಎಂಬ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ಎರಡನೆಯವರು ಅನುವಾದಕರು, ಹಾಗಾಗಿ ಅವರ ಹೆಸರು ಯಾರ ನಾಲಗೆಯ ಮೇಲೂ ಇಲ್ಲ. ಅವರು ಸಿ. ರಾಘವನ್. ಕಯ್ಯೂರಿನ ರೈತರ 1941ರ ಹೋರಾಟ, 1943ರ ಮಾರ್ಚಿನಲ್ಲಿ ಕಣ್ಣೂರಿನ ಜೈಲಿನಲ್ಲಿ ನಾಲ್ವರಿಗೆ ಆದ ಗಲ್ಲು, ಇವುಗಳನ್ನು ಕುರಿತು ನಿರಂಜನರು 1955ರಲ್ಲಿ 'ಚಿರಸ್ಮರಣೆ' ಬರೆದರು. ನಿರಂಜನರು ನೀಲೇಶ್ವರದಲ್ಲಿ ಓದಿದವರು. ಆ ಸೀಮೆಯನ್ನು ಬಲ್ಲವರು. ಮಲಯಾಳ ಮಾತಿನ ಊರಿನ ಕಥೆ ಕನ್ನಡದಲ್ಲಿ ಕಾದಂಬರಿಯಾಯಿತು. ಅದನ್ನು ಮಲಯಾಳಕ್ಕೆ ತಂದು ಆ ಊರಿನವರ ಕೈಗೆ ಒಪ್ಪಿಸಿದವರು ರಾಘವನ್.

ಈ ಕೆಲಸದ ಬೆಲೆ ನನಗೆ ತಿಳಿದದ್ದು ತಂಗಿಯ ಮೊಮ್ಮಗಳಿಂದ. ಅವಳು ಮಲಯಾಳ ಮಾಧ್ಯಮದಲ್ಲಿ ಓದುವವಳು. ಅನುವಾದವನ್ನು ಓದಿ ಮುಗಿಸಿ, "ಅಜ್ಜಾ, ಇದು ಮೊದಲು ಕನ್ನಡದಲ್ಲಿ ಬಂದದ್ದಂತೆ, ಹೌದಾ?" ಎಂದಳು. ನನ್ನ ಹಳೆಯ ಪ್ರತಿಯನ್ನು ಕೊಟ್ಟೆ. ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ತಡವರಿಸಿದಲ್ಲಿ ಮಲಯಾಳದ ಪುಟ ತಿರುವಿ ನೋಡಿದಳು. ಮೊದಲ ಅಧ್ಯಾಯಕ್ಕೆ ಒಂದು ವಾರ, ಎರಡನೆಯದಕ್ಕೆ ನಾಲ್ಕು ದಿನ. ಕನ್ನಡ ಕಲಿ, ಕಲಿ ಎಂದು ಮನೆಯವರೆಲ್ಲ ವರ್ಷಗಟ್ಟಲೆ ಹೇಳಿದರೂ ಆಗದ್ದು ಆ ಎರಡು ಪುಸ್ತಕಗಳಿಂದ ಆಯಿತು.

ಮಲಯಾಳ ಬಂದರೆ ಕನ್ನಡ ಹೋಗುತ್ತದೆ ಎಂಬ ಭಯ ನಮ್ಮ ಮನೆಗಳಲ್ಲಿದೆ. ಕಾರಣವಿಲ್ಲದ ಭಯವಲ್ಲ, ಮಕ್ಕಳು ಸೇರದಿದ್ದರೆ ಕನ್ನಡದ ತರಗತಿ ಉಳಿಯುವುದಿಲ್ಲ. ತರಗತಿಗಾಗಿ ಹೋರಾಡೋಣ. ಆದರೆ ಮನೆಯಲ್ಲಿ ಓದದ ಭಾಷೆಯನ್ನು ಹೋರಾಟವೊಂದೇ ಉಳಿಸಲಾರದು. ಆದ್ದರಿಂದ ನನ್ನ ಸಲಹೆ ಇಷ್ಟು: ದೊಡ್ಡವರು ತಿರುಮಲೇಶರ ಒಂದು ಪುಸ್ತಕ ತನ್ನಿ, ಮಕ್ಕಳ ಕಣ್ಣಿಗೆ ಬೀಳುವಂತೆ ಓದಿ. ಮಕ್ಕಳಿಗೆ ಚಿರಸ್ಮರಣೆಯನ್ನು ಎರಡು ಭಾಷೆಗಳಲ್ಲಿಯೂ ಕೊಡಿ. ಯಾವುದನ್ನು ಮೊದಲು ತೆರೆಯಬೇಕೆಂಬುದನ್ನು ಅವರಿಗೇ ಬಿಡಿ.