ತೀರ್ಥನ್ ದಡದಿಂದ

ಗುಶೈನಿ, ಹಿಮಾಚಲ ಪ್ರದೇಶ
ಏಪ್ರಿಲ್ 14

ಪ್ರೀತಿಯ ಅಕ್ಕ,

ಮೋಟಾರ್ ವೈಂಡಿಂಗ್ ಅಂಗಡಿಯಿಂದ ಭಾವ ತಂದುಕೊಟ್ಟ ತಾಮ್ರದ ತಂತಿ ತುಂಬಾ ಉಪಯೋಗಕ್ಕೆ ಬಂತು, ಅವರಿಗೆ ಹೇಳು.

ತೀರ್ಥನ್ ಹೊಳೆ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಹಿಮದಿಂದ ಇಳಿದು ಲಾರ್ಜಿಯ ಹತ್ತಿರ ಬಿಯಾಸ್ ಸೇರುತ್ತದೆ. ಇಲ್ಲಿನ ಕಂದು ಟ್ರೌಟ್ ಈ ನೆಲದ ಮೀನಲ್ಲ. 1909ರ ಸುಮಾರಿಗೆ ಬ್ರಿಟಿಷರು ಕುಲು ಸೀಮೆಗೆ ತಂದದ್ದು. ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. ಟ್ರೌಟ್ ಮೊಟ್ಟೆಯಿಡುವ ಕಾಲವೆಂದು ನವೆಂಬರ್‌ನಿಂದ ಫೆಬ್ರವರಿವರೆಗೆ ನಿಷೇಧ.

ಎರೆಹುಳು ಸಿಕ್ಕಿಸಿದರೆ ಸಾಲದೇ, ಗರಿ, ತಂತಿ ಎಲ್ಲ ಯಾಕೆ ಅಂತ ಕೇಳಿದ್ದೆಯಲ್ಲ? ಬೆಳಿಗ್ಗೆ ನೀರಿನಿಂದ ಒಂದು ಕಲ್ಲೆತ್ತಿ ಮಗುಚಿದೆ. ಅಡಿಯಲ್ಲಿ ಮೂರೆಳೆ ಬಾಲದ ಚಪ್ಪಟೆ ಮರಿಹುಳುಗಳು ಅಂಟಿಕೊಂಡಿದ್ದವು. ತಿಂಗಳುಗಟ್ಟಲೆ ನೀರಿನಲ್ಲೇ ಅವುಗಳ ಬಾಳು. ರೆಕ್ಕೆ ಮೂಡಿದ ಮೇಲೆ ಒಂದೆರಡು ದಿನವಷ್ಟೇ. ಟ್ರೌಟಿನ ಮುಖ್ಯ ಆಹಾರದಲ್ಲಿ ಇವೂ ಸೇರಿವೆ. ಇವುಗಳ ರೂಪದಲ್ಲೇ ಕೊಕ್ಕೆಗೆ ಕಟ್ಟುವ ಹುಸಿ ಹುಳುವೇ ನಿಂಫ್. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ದಾರವನ್ನೇ ಬಿಟ್ಟು, ಫೆಸೆಂಟ್ ಹಕ್ಕಿಯ ಬಾಲದ ಗರಿಯನ್ನು ತಾಮ್ರದ ತಂತಿಯಲ್ಲಿ ಸುತ್ತಿದ. ತಂತಿಯೇ ಕಟ್ಟು, ತಂತಿಯೇ ತೂಕ. ನಾನು ನಾಟಿಕೋಳಿ ಹುಂಜದ ಕಂದು ಗರಿ ಸುತ್ತಿ, ಕೊಕ್ಕೆಯ ತಲೆಗೆ ಟಂಗ್‌ಸ್ಟನ್ ಮಣಿ ಪೋಣಿಸಿದೆ. ಅದೇ ಗಾತ್ರದ ಹಿತ್ತಾಳೆ ಮಣಿಗಿಂತ ಅದು ಎರಡು ಪಟ್ಟಿಗೂ ಮೀರಿ ಭಾರ.

ಹೊಳೆಯ ಮೇಲ್ನೀರು ರಭಸದಿಂದ ಓಡುತ್ತದೆ. ತಳದ ನೀರು ಕಲ್ಲುಗಳಿಗೆ ತಡೆದು ನಿಧಾನವಾಗುತ್ತದೆ. ಮೀನು ದಣಿಯದೆ ನಿಲ್ಲುವುದು ಅಲ್ಲೇ. ಅಲ್ಲಿಗೆ ಇಳಿಯಲೆಂದೇ ಈ ತೂಕ. ಹರಿವಿಗೆದುರಾಗಿ ಎಸೆದು, ಕೋಲನ್ನು ಎತ್ತಿ ಹಿಡಿದು, ಆದಷ್ಟೂ ದಾರ ನೀರಿಗೆ ತಾಗದಂತೆ ನೋಡಿಕೊಂಡರೆ ನಿಂಫ್ ತಳದ ವೇಗದಲ್ಲೇ ಸಾಗಿ ಬರುತ್ತದೆ. ನಾವು ಎಳೆದರೆ ಮೀನು ನಂಬುವುದಿಲ್ಲ. ದಾರದಲ್ಲಿನ ಬಣ್ಣದ ತುಂಡು ಚೂರು ತಡೆದರೂ ಕೋಲೆತ್ತಬೇಕು. ನನ್ನದು ಮುಳ್ಳಿಲ್ಲದ ಕೊಕ್ಕೆ. ಸಿಕ್ಕ ಮೀನನ್ನು ಒದ್ದೆಗೈಯಲ್ಲಿ ಬಿಡಿಸಿ ಹೊಳೆಗೇ ಬಿಡುತ್ತೇನೆ.

ಹೊಳೆಯ ಆರೋಗ್ಯ ಕೇಳಬೇಕಾದದ್ದು ಈ ಮರಿಹುಳುಗಳನ್ನೇ, ಅಕ್ಕ. ಕೊಳಚೆ ತುಂಬಿದ ನೀರಿನಲ್ಲಿ ಇಂಥವು ಉಳಿಯುವುದಿಲ್ಲ. ನಮ್ಮ ಬಸವನಗುಡಿಯ ವೃಷಭಾವತಿ ಊರಿನ ಕೊಳಚೆ ಹೊತ್ತು, ಅರ್ಕಾವತಿಯ ಮೂಲಕ ಕಾವೇರಿಗೇ ಸೇರುತ್ತದೆ. ಅದನ್ನು ನೆನೆದರೆ ಸಂಕಟವಾಗುತ್ತದೆ. ಬಂದಮೇಲೆ ಪುಟ್ಟನನ್ನು ಕರೆದುಕೊಂಡು ಕಾವೇರಿ ದಡದ ಭೀಮೇಶ್ವರಿಗೆ ಹೋಗೋಣ. ಅದು ಅಭಯಾರಣ್ಯ, ಗಾಳ ಬೇಡ. ದಡದಲ್ಲಿ ಕೂತು, ನೀರು ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುವುದನ್ನು ಅವನಿಗೆ ಕಲಿಸಬೇಕು.

ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಪ್ರೀತಿಯ ತಮ್ಮ