ಸ್ಪ್ಯಾನರ್ ಮೊದಲು, ಕೀ ಆಮೇಲೆ

ಅಮೆರಿಕದ ಮಿಶಿಗನ್ ರಾಜ್ಯದೊಳಗೆ 11,000ಕ್ಕೂ ಹೆಚ್ಚು ಕೆರೆಗಳಿವೆ. ಐದು ಮಹಾಸರೋವರಗಳ ಪೈಕಿ ನಾಲ್ಕರ ದಡ ಬೇರೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳು ಕರಗಿ ಮೇ ತಿಂಗಳು ಬಂತೆಂದರೆ ಇಲ್ಲಿಯ ಮನೆಗಳ ಮುಂದೆ, ಹುಲ್ಲಿನ ಮೇಲೆ, ಟ್ರೇಲರ್ ಸಮೇತ ಹಳೆಯ ಜೆಟ್ ಸ್ಕೀಗಳು ‘ಮಾರಾಟಕ್ಕಿದೆ’ ಎಂಬ ರಟ್ಟು ಹೊತ್ತು ನಿಲ್ಲುತ್ತವೆ. ಬಣ್ಣ ಮಾಸಿರುತ್ತದೆ, ಸೀಟು ಹರಿದಿರುತ್ತದೆ, ಬ್ಯಾಟರಿ ಸತ್ತಿರುತ್ತದೆ. ಕೊನೆಯ ಸಲ ನಿಲ್ಲಿಸಿದಾಗ ಚೆನ್ನಾಗಿಯೇ ಓಡುತ್ತಿತ್ತು ಎಂದು ಮಾರುವವರು ಹೇಳುತ್ತಾರೆ. ಬಹುಪಾಲು ಅದು ನಿಜವೂ ಹೌದು. ಎಂಜಿನ್ನಿಗೆ ಕೇಡು ಬಗೆಯುವುದು ಆಮೇಲಿನ ವರ್ಷಗಳು: ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು, ಒಳಗೇ ನಿಂತ ನೀರು, ಯಾರೂ ಮುಟ್ಟದ ಎಂಜಿನ್.

ಅಂಥದೊಂದನ್ನು ನಾವೂ ಮನೆಗೆ ತಂದೆವು. 1996ರಲ್ಲಿ ತಯಾರಾದ, ಮೂರು ಜನ ಕೂರಬಹುದಾದ, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಯಂತ್ರ. ಹೊಸದೊಂದರ ಬೆಲೆ ಕೇಳಿದರೆ ನಮ್ಮಂಥ ಸಂಸಾರಸ್ಥರು ಸುಮ್ಮನೆ ತಿರುಗಿ ಬರಬೇಕು. ಆದರೆ ಹಳೆಯದನ್ನು ಕೊಂಡದ್ದು ದುಡ್ಡಿನ ಕಾರಣಕ್ಕೆ ಮಾತ್ರವಲ್ಲ. ಮಗಳಿಗೆ ಹದಿನಾಲ್ಕಾಗಿತ್ತು. ಮೈಸೂರು ಸೀಮೆಯಿಂದ ನಮ್ಮಪ್ಪ ಬೇಸಿಗೆ ಕಳೆಯಲು ಬಂದಿದ್ದರು. ಒಂದೇ ಮನೆಯಲ್ಲಿದ್ದೂ ನಾಲ್ಕು ಕೋಣೆಗಳಲ್ಲಿ ಹಂಚಿಹೋಗಿದ್ದ ನಮಗೆಲ್ಲ ಒಟ್ಟಿಗೆ ಮಾಡುವ ಒಂದು ಕೆಲಸ ಬೇಕಾಗಿತ್ತು.

ಮಲ್ಪೆ, ಮುರುಡೇಶ್ವರಗಳ ಕಡಲತೀರದಲ್ಲಿ ಬಾಡಿಗೆಯ ಜೆಟ್ ಸ್ಕೀ ಹತ್ತಿದವರಿಗೆ ಇದು ಕೆಲವು ನಿಮಿಷಗಳ ಮೋಜು. ಆದರೆ ಇದು ಹುಟ್ಟಿದ್ದು ಒಬ್ಬಂಟಿ ಸವಾರನ ಕನಸಾಗಿ. ಮೋಟಾರ್ ಸೈಕಲ್ ರೇಸಿನಲ್ಲಿ ಪಳಗಿದ್ದ ಕ್ಲೇಟನ್ ಜೇಕಬ್ಸನ್ ಎಂಬಾತ ನೆಲದ ಮೇಲಿನ ಆ ಸುಖ ನೀರಿನ ಮೇಲೂ ಸಿಗಬೇಕೆಂದು 1960ರ ದಶಕದಲ್ಲಿ ಇಂಥ ಯಂತ್ರಗಳನ್ನು ಕಟ್ಟತೊಡಗಿದ. ಕೆನಡಾದ ಬಾಂಬಾರ್ಡಿಯರ್ ಕಂಪನಿ 1968ರಲ್ಲಿ ಸೀ-ಡೂ ಹೆಸರಿನಲ್ಲಿ ಕೂತು ಓಡಿಸುವ ಮಾದರಿಯನ್ನು ತಂದು, ಬೇಗನೆ ನಿಲ್ಲಿಸಿಬಿಟ್ಟಿತು. 70ರ ದಶಕದಲ್ಲಿ ಜಪಾನಿನ ಕವಾಸಾಕಿ ನಿಂತು ಓಡಿಸುವ ‘ಜೆಟ್ ಸ್ಕೀ’ಯನ್ನು ಮಾರುಕಟ್ಟೆಗೆ ತಂದಿತು. ಒಂದು ಕಂಪನಿಯ ಆ ಹೆಸರೇ ಈಗ ಜನರ ಬಾಯಲ್ಲಿ ಇಡೀ ಜಾತಿಯ ಹೆಸರಾಗಿದೆ. ನಿಂತು ಓಡಿಸುವುದರಲ್ಲಿ ಎರಡನೆಯವರಿಗೆ ಜಾಗವಿರಲಿಲ್ಲ. 80ರ ದಶಕದ ಕೊನೆಗೆ ಯಮಾಹಾದ ವೇವ್‌ರನ್ನರ್ ಬಂತು, 1988ರಲ್ಲಿ ಸೀ-ಡೂ ಮರಳಿ ಬಂತು, ಸೀಟು ಉದ್ದವಾಯಿತು. ಅಪ್ಪನ ಬೆನ್ನಿಗೆ ಮಗು, ಮಗುವಿನ ಬೆನ್ನಿಗೆ ಅಮ್ಮ ಕೂರುವಂತಾದದ್ದು ಆಮೇಲೆಯೇ.

ನಮ್ಮಪ್ಪನಿಗೆ ಈ ಯಂತ್ರ ಹೊಸದು, ಟೂ ಸ್ಟ್ರೋಕ್ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ಗಾಡಿಯನ್ನು ಅವರು ವರ್ಷಾನುಗಟ್ಟಲೆ ಓಡಿಸಿದ್ದರು. ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸುವುದು, ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಿ ಎಂಜಿನ್ನಿನ ಒಳಗುಟ್ಟು ಹೇಳುವುದು, ಸೈಲೆನ್ಸರ್‌ನಲ್ಲಿ ಕಟ್ಟಿದ ಕರಿ ಕೆರೆಯುವುದು ಅವರ ಕೈಗೆ ಬಂದ ವಿದ್ಯೆ. ಆ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ, ನಮ್ಮ ಜೆಟ್ ಸ್ಕೀ ಹುಟ್ಟಿದ ವರ್ಷದಲ್ಲೇ. ಅಪ್ಪ ಗ್ಯಾರೇಜಿಗೆ ಬಂದು, ಸೀಟು ಎತ್ತಿ, ಬಗ್ಗಿ ನೋಡಿದರು. ಅಮೆರಿಕಕ್ಕೆ ಬಂದ ಮೇಲೆ ಅವರ ಮುಖದಲ್ಲಿ ಆ ಗೆಲುವನ್ನು ನಾನು ಕಂಡದ್ದು ಆಗಲೇ. ಇಲ್ಲಿ ಅಂಗಡಿಗೆ ಹೋಗಲೂ ನಮ್ಮ ಕಾರಿಗೆ ಕಾಯಬೇಕಾಗಿದ್ದ ಮನುಷ್ಯನಿಗೆ, ತನಗೆ ತಿಳಿದದ್ದು ಇನ್ನೂ ಬೇಕಾದ ಒಂದು ಜಾಗ ಸಿಕ್ಕಿತ್ತು.

ಹಳೆಯ ಎಂಜಿನ್ ಕೊಂಡವರು ಮೊದಲು ನೋಡಬೇಕಾದದ್ದು ಕಂಪ್ರೆಶನ್. ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜ್ ತಿರುಗಿಸಿ, ಥ್ರಾಟಲ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ಹೊಡೆದರೆ ಮುಳ್ಳು ಮೇಲೇರುತ್ತದೆ. ಈ ಬಗೆಯ ಅನೇಕ ಎಂಜಿನ್‌ಗಳಲ್ಲಿ 150 ಪಿಎಸ್‌ಐ ಆಸುಪಾಸು ಬಂದರೆ ಪಿಸ್ಟನ್ನು, ರಿಂಗುಗಳು ಚೆನ್ನಾಗಿವೆ ಎಂದರ್ಥ. ಅದಕ್ಕಿಂತ ಮುಖ್ಯ, ಎರಡೂ ಸಿಲಿಂಡರುಗಳ ಅಂಕಿ ಹತ್ತಿರ ಹತ್ತಿರ ಇರಬೇಕು. ನಮ್ಮದರಲ್ಲಿ ಇದ್ದವು. ಎಂಜಿನ್ ಬದುಕಿದೆ ಎಂದು ಗೊತ್ತಾದ ಮೇಲೆ ನಾವು ಅದನ್ನು ಸ್ಟಾರ್ಟ್ ಮಾಡುವ ಗೋಜಿಗೆ ಹೋಗಲಿಲ್ಲ. ಮೊದಲು ಪೆಟ್ರೋಲ್ ಪೈಪುಗಳು.

ಆ ಕಾಲದ ಎಷ್ಟೋ ಯಂತ್ರಗಳಲ್ಲಿ ಬೂದು ಬಣ್ಣದ ಪೆಟ್ರೋಲ್ ಪೈಪುಗಳಿರುತ್ತವೆ. ವರ್ಷ ಕಳೆದಂತೆ ಅವು ಒಳಗೊಳಗೇ ಕರಗಿ ಹಸಿರು ಅಂಟಾಗುತ್ತವೆ. ಆ ಅಂಟು ಹೋಗಿ ಕೂರುವುದು ಕಾರ್ಬೊರೇಟರಿನ ಒಳಗಿರುವ, ಬೆರಳ ತುದಿಯಷ್ಟೂ ಇಲ್ಲದ ಜಾಲರಿಯಲ್ಲಿ. ಹೊರಗಿನಿಂದ ಏನೂ ಕಾಣುವುದಿಲ್ಲ, ಎಂಜಿನ್ ಸ್ಟಾರ್ಟ್ ಕೂಡ ಆಗುತ್ತದೆ. ಆದರೆ ವೇಗ ಹೆಚ್ಚಿಸಿದಾಗ ಬೇಕಾದಷ್ಟು ಪೆಟ್ರೋಲು ಸಿಗದೆ ಸಿಲಿಂಡರ್ ಕಾದು, ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಸೀಜ್ ಆಗುತ್ತದೆ, ಅದೂ ಕೆರೆಯ ನಟ್ಟನಡುವೆ. ಆದ್ದರಿಂದ ಎಲ್ಲ ಪೈಪುಗಳನ್ನೂ ಕಿತ್ತು ಕಪ್ಪು ರಬ್ಬರಿನ ಹೊಸ ಪೈಪು ಹಾಕಿದೆವು. ಕ್ಲಾಂಪುಗಳನ್ನು ಬಿಗಿ ಮಾಡುವುದು ಮಗಳ ಪಾಲಿಗೆ ಬಂತು. ಆ ಇಕ್ಕಟ್ಟಿನೊಳಗೆ ಹೋಗುವ ತೆಳು ಕೈ ಮನೆಯಲ್ಲಿ ಇದ್ದದ್ದು ಅವಳದೊಂದೇ.

ಕಾರ್ಬೊರೇಟರ್ ಬಿಚ್ಚಿದ ಸಂಜೆ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಎಲ್ಲಮ್ಮಾ ಇದರ ಫ್ಲೋಟು?” ಎಂದು ಮೊಮ್ಮಗಳನ್ನು ಕೇಳಿದರು. ಅವಳು ಮ್ಯಾನ್ಯುಯಲ್ ಓದಿಕೊಂಡಿದ್ದಳು. “ಫ್ಲೋಟ್ ಇಲ್ಲ ತಾತಾ, ಡಯಾಫ್ರಮ್ ಇದೆ. ಗಾಡಿ ವಾಲಿದ್ರೂ ಕುಣಿದ್ರೂ ಪೆಟ್ರೋಲ್ ಸರಿಯಾಗಿ ಹೋಗ್ಬೇಕಲ್ಲ, ಅದಕ್ಕೆ” ಎಂದಳು. ಯೆಜ್ಡಿಯ ಬಟ್ಟಲಿನಲ್ಲಿ ತೇಲುತ್ತಿದ್ದ ಫ್ಲೋಟಿನ ಕೆಲಸವನ್ನು ಇಲ್ಲಿ ತೆಳ್ಳನೆಯ ಒಂದು ಹಾಳೆ ಮಾಡುತ್ತಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಅವಳ ಪಕ್ಕ ಕೂತರು. ಆಯಿಲ್ ಎಷ್ಟು, ಪ್ಲಗ್ಗಿನ ಗ್ಯಾಪ್ ಎಷ್ಟು, ಮಿಕ್ಸ್ಚರ್ ಲೀನ್ ಆದರೆ ಶಬ್ದ ಹೇಗೆ ಬದಲಾಗುತ್ತದೆ ಎಂದು ಅವರು ಅವಳಿಗೆ ಹೇಳಿದರು. ಇಂಗ್ಲಿಷ್ ಮ್ಯಾನ್ಯುಯಲಿನ ಚಿತ್ರಗಳನ್ನು ಅವಳು ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದಳು. ವಾರಕ್ಕೊಮ್ಮೆ ಫೋನಿನಲ್ಲಿ ‘ಊಟ ಆಯ್ತಾ’ ಎಂಬುದರಾಚೆಗೆ ಬೆಳೆಯದಿದ್ದ ಅವರಿಬ್ಬರ ಮಾತಿಗೆ ಈಗ ವಿಷಯವಿತ್ತು. ಮಕ್ಕಳಿಗೆ ಭಾಷೆ ಉಳಿಯಲಿ ಎಂದು ನಾವು ಪರದೇಶದಲ್ಲಿ ಭಾನುವಾರದ ತರಗತಿಗಳನ್ನು ನಡೆಸುತ್ತೇವೆ. ಅವು ಬೇಕು. ಅದರ ಜೊತೆಗೆ, ಆ ಭಾಷೆಯಲ್ಲಿ ಮಾಡಿ ಮುಗಿಸುವ ಒಂದು ಕೆಲಸವೂ ಬೇಕು ಎಂದು ನನಗೆ ಅನಿಸಿದ್ದು ಅಲ್ಲಿ.

ಹಿಂಬದಿಯ ಪಂಪು ಬಿಚ್ಚಿದಾಗ ಅಪ್ಪನಿಗೆ ವಿವರಣೆಯೇ ಬೇಕಾಗಲಿಲ್ಲ. ಜೆಟ್ ಸ್ಕೀಗೆ ಹೊರಗೆ ಚಾಚಿದ ಪ್ರೊಪೆಲ್ಲರ್ ಇಲ್ಲ. ತಳದ ಜಾಲರಿಯಿಂದ ಕೆರೆಯ ನೀರನ್ನು ಎಳೆದುಕೊಂಡು, ಇಂಪೆಲ್ಲರ್ ಅದನ್ನು ಹಿಂದಿನ ನಾಜಲ್‌ನಿಂದ ರಭಸವಾಗಿ ಚಿಮ್ಮಿಸುತ್ತದೆ. “ನಮ್ಮ ಹೊಳೆ ಪಂಪ್‌ಸೆಟ್ಟೇ ಕಣಮ್ಮ ಇದು. ಅದು ನೀರನ್ನ ಗದ್ದೆಗೆ ತಳ್ಳುತ್ತೆ, ಇದು ಹಿಂದಕ್ಕೆ ತಳ್ಳಿ ತಾನು ಮುಂದಕ್ಕೆ ಹೋಗುತ್ತೆ” ಎಂದರು. ಇಂಪೆಲ್ಲರಿನ ಅಂಚಿಗೂ ಅದರ ಸುತ್ತಲಿನ ವೇರ್ ರಿಂಗಿಗೂ ನಡುವೆ ಕೂದಲೆಳೆಯಷ್ಟು ಸಂದಿರಬೇಕು. ದಡದ ಮರಳು, ಕಲ್ಲು ಒಳಗೆ ಹೋಗಿ ಸವೆದು ಸಂದು ಹೆಚ್ಚಾದರೆ ಎಂಜಿನ್ ಎಷ್ಟು ಅಬ್ಬರಿಸಿದರೂ ಗಾಡಿ ಮುಂದೆ ಹೋಗುವುದಿಲ್ಲ. ಇಂಪೆಲ್ಲರ್ ಸವೆದ ಪಂಪಿನಲ್ಲಿ ಮೋಟಾರ್ ತಿರುಗಿದರೂ ನೀರು ಬರದ ಕಷ್ಟವನ್ನು ಅಪ್ಪ ಎಷ್ಟು ಬೇಸಿಗೆ ಕಂಡಿದ್ದರೋ! ರಿಂಗ್ ಬದಲಾಯಿತು. ಆಳ ಕಡಿಮೆಯಿದ್ದಲ್ಲಿ ಎಂಜಿನ್ ಹೊಡೆಯಬಾರದು ಎಂಬ ನಿಯಮವನ್ನು ಮಗಳಿಗೆ ಆಮೇಲೆ ಯಾರೂ ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ.

ಇದೇ ನಾನು ಈ ಪ್ರಬಂಧದಲ್ಲಿ ಹೇಳಬೇಕೆಂದಿರುವ ಮಾತು. ರಿಪೇರಿ ಮಾಡಿದ ಕೈಗೆ ಎಚ್ಚರ ತಾನಾಗಿ ಬರುತ್ತದೆ. ನಿಯಮಗಳನ್ನು ಪಟ್ಟಿಯಾಗಿ ಕೊಟ್ಟರೆ ಹದಿನಾಲ್ಕರ ವಯಸ್ಸು ಅದನ್ನು ಕಿವಿಯಾಚೆ ಬಿಡುತ್ತದೆ. ಅದೇ ನಿಯಮ ಯಂತ್ರದ ಒಳಗಿನಿಂದ ಎದ್ದು ಬಂದರೆ ಮರೆಯುವುದಿಲ್ಲ. ಮನೆಯಲ್ಲಿ ನಲ್ಲಿಯ ಪೈಪು ಜೋಡಿಸಿ ಎಂಜಿನ್ ತೊಳೆಯುವಾಗ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಕು, ಆಮೇಲೆ ನೀರು ಬಿಡಬೇಕು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ಕ್ರಮ ತಪ್ಪಿದರೆ, ಹೊಗೆಯ ಒತ್ತಡವಿಲ್ಲದ ಸೈಲೆನ್ಸರಿನ ಹಾದಿಯಿಂದ ನೀರು ಸಿಲಿಂಡರಿಗೇ ನುಗ್ಗುತ್ತದೆ. ಸ್ಟಾರ್ಟ್ ಮಾಡುವ ಮೊದಲು ಸೀಟು ಎತ್ತಿ ಗಾಳಿ ಆಡಲು ಬಿಡಬೇಕು, ಯಾಕೆಂದರೆ ಮುಚ್ಚಿದ ಒಡಲಿನಲ್ಲಿ ಪೆಟ್ರೋಲಿನ ಆವಿ ಕಟ್ಟಿಕೊಂಡಿದ್ದರೆ ಒಂದು ಕಿಡಿ ಸಾಕು. ಇವನ್ನು ಮಗಳು ಕಲಿತದ್ದು ಆ ಸೈಲೆನ್ಸರನ್ನು ತಾನೇ ಬಿಚ್ಚಿ ಕೂರಿಸುತ್ತ.

ನೀರಿಗಿಳಿದ ಮೇಲೆ ಎಲ್ಲಕ್ಕಿಂತ ದೊಡ್ಡ ಪಾಠವೂ ಅದೇ ಪಂಪಿನದು. ಈ ಹಳೆಯ ಯಂತ್ರಗಳಿಗೆ ಚುಕ್ಕಾಣಿಯೂ ಇಲ್ಲ, ಬ್ರೇಕೂ ಇಲ್ಲ. ಹ್ಯಾಂಡಲ್ ತಿರುಗಿಸಿದರೆ ತಿರುಗುವುದು ನೀರು ಚಿಮ್ಮುವ ನಾಜಲ್ ಮಾತ್ರ. ಎದುರಿಗೆ ಏನೋ ಬಂತೆಂದು ಹೆದರಿ ಥ್ರಾಟಲ್ ಪೂರ್ತಿ ಬಿಟ್ಟರೆ ನೀರಿನ ಚಿಮ್ಮು ನಿಲ್ಲುತ್ತದೆ, ಹ್ಯಾಂಡಲ್ ಎಷ್ಟು ತಿರುವಿದರೂ ಗಾಡಿ ನೇರವಾಗಿ ಹೋಗಿ ಬಡಿಯುತ್ತದೆ. ತಪ್ಪಿಸಿಕೊಳ್ಳಬೇಕಾದರೆ ಸ್ವಲ್ಪ ಥ್ರಾಟಲ್ ಹಿಡಿದೇ ತಿರುಗಬೇಕು. ಕಾರು ಓಡಿಸಿ ಪಳಗಿದ ದೊಡ್ಡವರಿಗೇ ಇದು ಕಷ್ಟ. ನಾಜಲ್ಲನ್ನು ಕೈಯಿಂದ ಅತ್ತಿತ್ತ ತಿರುಗಿಸಿ ನೋಡಿದ್ದ ಮಗಳಿಗೆ ಅದು ಸಹಜವಾಗಿ ಅರ್ಥವಾಯಿತು.

ಮಿಶಿಗನ್ ಕಾನೂನೂ ಸಡಿಲವಾಗಿಲ್ಲ. ಹದಿನಾಲ್ಕು ತುಂಬದವರು ಜೆಟ್ ಸ್ಕೀ ಓಡಿಸುವಂತಿಲ್ಲ. 14, 15ರ ಮಕ್ಕಳು ದೋಣಿ ಸುರಕ್ಷತೆಯ ಪರೀಕ್ಷೆ ಪಾಸಾಗಿರಬೇಕು, ತಂದೆ ತಾಯಿಯೋ ಅವರು ಒಪ್ಪಿಸಿದ ಹಿರಿಯರೋ ಜೊತೆಯಲ್ಲಿ ಕೂತಿರಬೇಕು, ಇಲ್ಲವೇ ನೂರು ಅಡಿಯೊಳಗೆ ಇರಬೇಕು. ಸೂರ್ಯ ಮುಳುಗಿದ ಮೇಲೆ, ಬೆಳಿಗ್ಗೆ 8ರ ಮೊದಲು ಓಡಿಸುವಂತಿಲ್ಲ. ಲೈಫ್ ಜಾಕೆಟ್ ಕಡ್ಡಾಯ. ಸವಾರ ಬಿದ್ದರೆ ಎಂಜಿನ್ ನಿಲ್ಲಿಸುವ ದಾರ ಮೈಗೆ ಕಟ್ಟಿರಬೇಕು. ವೇಗವಾಗಿ ಸುತ್ತುವವರು ಆದಷ್ಟೂ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಸುತ್ತಬೇಕು. ದೇವಸ್ಥಾನದ ಪ್ರದಕ್ಷಿಣೆಗೆ ಇದು ತಿರುಗುಮುರುಗು ಎಂದು ಅಪ್ಪ ದಡದಲ್ಲೇ ಗಮನಿಸಿದ್ದರು. ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತಿದರೆ ಮುಖಾಮುಖಿ ಡಿಕ್ಕಿ ತಪ್ಪುತ್ತದೆ ಎಂಬ ವಿವೇಕ ಮಾತ್ರ ಎರಡೂ ಕಡೆ ಒಂದೇ.

ಟೂ ಸ್ಟ್ರೋಕ್ ಬಗ್ಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಈ ಹಳೆಯ ಎಂಜಿನ್ನುಗಳಲ್ಲಿ ಹೊಸ ಪೆಟ್ರೋಲು ಒಳಬರುವ ಹೊತ್ತಿಗೆ ಹೊಗೆ ಹೊರಹೋಗುವ ಬಾಗಿಲೂ ತೆರೆದಿರುತ್ತದೆ. ಹಾಗಾಗಿ ಕಾಲು ಭಾಗಕ್ಕೂ ಮೀರಿ ಪೆಟ್ರೋಲು ಉರಿಯದೆ ಹಾಗೆಯೇ ಹೊರಬೀಳಬಹುದು, ಅದೂ ನೀರಿಗೆ. ಅಮೆರಿಕದ ಪರಿಸರ ಸಂಸ್ಥೆ 1996ರಲ್ಲಿ ಈ ಎಂಜಿನ್ನುಗಳ ಮಾಲಿನ್ಯಕ್ಕೆ ಮಿತಿ ಹಾಕಿತು. ಲೇಕ್ ಟಾಹೋದಲ್ಲಿ ಕಾರ್ಬೊರೇಟರಿನ ಟೂ ಸ್ಟ್ರೋಕ್‌ಗಳನ್ನು 1999ರಿಂದ ನಿಷೇಧಿಸಿದರು. 2002ರ ಹೊತ್ತಿಗೆ ಫೋರ್ ಸ್ಟ್ರೋಕ್ ಜೆಟ್ ಸ್ಕೀಗಳು ಬಂದವು. ಹಳೆಯ ಯಂತ್ರವೊಂದನ್ನು ಗುಜರಿಯಿಂದ ಉಳಿಸಿದ ಪುಣ್ಯ ಈ ಪಾಪವನ್ನು ತೊಳೆಯುವುದಿಲ್ಲ. ಅದನ್ನು ಒಪ್ಪಿಕೊಂಡೇ ನಾವು ಕೆಲವು ಕಟ್ಟುಪಾಡು ಹಾಕಿಕೊಂಡಿದ್ದೇವೆ. ಪೆಟ್ರೋಲ್ ತುಂಬುವುದು ನೆಲದ ಮೇಲೆ, ಟ್ರೇಲರಿನಲ್ಲಿದ್ದಾಗ ಮಾತ್ರ. ಕೆಲವೇ ವಾರಾಂತ್ಯ, ಪ್ರತಿ ಸಲ ಸ್ವಲ್ಪವೇ ಹೊತ್ತು. ಜೊಂಡು ಬೆಳೆದ ಕಡೆಗೆ ಸುಳಿಯುವುದಿಲ್ಲ, ಯಾಕೆಂದರೆ ಅಲ್ಲಿ ನೀರಂಚಿನಲ್ಲೇ ಗೂಡು ಕಟ್ಟುವ ಲೂನ್ ಹಕ್ಕಿಗಳಿವೆ, ಒಂದು ಅಲೆ ಸಾಕು ಮೊಟ್ಟೆ ಮುಳುಗಲು. ಕೆರೆ ಬಿಡುವ ಮೊದಲು ತಳದ ಬಿರಡೆ ಬಿಚ್ಚಿ ನೀರು ಸುರಿದು, ಅಂಟಿದ ಜಲಸಸ್ಯ ಕಿತ್ತು ಹೊರಡುತ್ತೇವೆ. 1988ರಲ್ಲಿ ಪಕ್ಕದ ಸೇಂಟ್ ಕ್ಲೇರ್ ಸರೋವರದಲ್ಲಿ ಮೊದಲು ಕಂಡ ಝೀಬ್ರಾ ಚಿಪ್ಪುಜೀವಿ ದೋಣಿಗಳ ಬೆನ್ನು ಹತ್ತಿ ಎಷ್ಟೋ ಕೆರೆಗಳನ್ನು ಕೆಡಿಸಿದೆ. ಹೀಗೆ ನೀರು ಸುರಿಯುವುದನ್ನು 2019ರಿಂದ ಇಲ್ಲಿ ಕಾನೂನೇ ಕಡ್ಡಾಯ ಮಾಡಿದೆ. ಮುಂದೊಂದು ದಿನ ಈ ಎಂಜಿನ್ ಸೋತರೆ ಮತ್ತೊಂದು ಟೂ ಸ್ಟ್ರೋಕ್ ತರುವುದಿಲ್ಲ, ಹಳೆಯ ಫೋರ್ ಸ್ಟ್ರೋಕ್ ಹುಡುಕುತ್ತೇವೆ ಎಂದೂ ಮನೆಯಲ್ಲಿ ತೀರ್ಮಾನವಾಗಿದೆ.

ಅಪ್ಪ ಮಗಳ ಹಿಂದೆ ಕೂತು ಕೆರೆ ಸುತ್ತಿ ಬಂದರು. ಇಳಿದವರು ವೇಗದ ಬಗ್ಗೆ ಒಂದೂ ಮಾತಾಡಲಿಲ್ಲ. ಎಡಗಡೆ ಸಿಲಿಂಡರಿನ ಶಬ್ದ ಸರಿಯಿದೆ, ಪ್ಲಗ್ ಬಿಚ್ಚಿ ಬಣ್ಣ ನೋಡೋಣ ಎಂದರು. ಮಗಳು ಆಗಲೇ ಪ್ಲಗ್ ಸ್ಪ್ಯಾನರ್ ತೆಗೆದಿದ್ದಳು.

ನೀರಿನ ಹತ್ತಿರ ಮನೆ ಮಾಡಿಕೊಂಡು, ಬೆಳೆಯುವ ಮಕ್ಕಳನ್ನು ಇಟ್ಟುಕೊಂಡವರಿಗೆ ನನ್ನದೊಂದು ವಿನಂತಿ. ಹಳೆಯ ಜೆಟ್ ಸ್ಕೀ ಕೊಳ್ಳುವ ಮನಸ್ಸಿದ್ದರೆ ಬಣ್ಣ ನೋಡಬೇಡಿ, ಕಂಪ್ರೆಶನ್ ನೋಡಿ. ಪೆಟ್ರೋಲ್ ಪೈಪು ಬದಲಿಸದೆ, ಕಾರ್ಬೊರೇಟರ್ ತೊಳೆಯದೆ ನೀರಿಗಿಳಿಸಬೇಡಿ. ಲೈಫ್ ಜಾಕೆಟ್ಟಿನ ವಿಷಯದಲ್ಲಿ ದುಡ್ಡು ಉಳಿಸಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಗ್ಯಾರೇಜಿಗೆ ಕರೆದು ಒಂದು ಕುರ್ಚಿ ಹಾಕಿ. ಮಕ್ಕಳ ಕೈಗೆ ಕೀ ಕೊಡುವ ಮೊದಲು ಸ್ಪ್ಯಾನರ್ ಕೊಡಿ. ಬಿಚ್ಚಿ ಜೋಡಿಸಲು ಕಲಿತ ಮಕ್ಕಳನ್ನು ನಂಬಿ ನೀರಿಗೆ ಕಳಿಸಬಹುದು.