ಸ್ಲೇಟು ಒರೆಸಿದ ಹೊತ್ತು

"ಸರ್, 'ನಿರೀಕ್ಷಿಸಿ' ಅನ್ನೋದರಲ್ಲಿ ಒಂದು ಗೆರೆ ಹಳೇದೇ ಉಳಿದಿದೆ" ಎಂದು ಆಕೆ ಬಂದು ಹೇಳಿದಾಗ ನಾನು ತಲೆ ಎತ್ತಿ ನೋಡಿರಲಿಲ್ಲ. "ಫಾಂಟ್ ಪ್ರಾಬ್ಲಂ ಇರಬೇಕು ನೋಡಿ" ಎಂದೆ. ಅದು 2017ರ ಮೇ ತಿಂಗಳು. ಆಸ್ಪತ್ರೆ, ಬ್ಯಾಂಕುಗಳಲ್ಲಿ ಸರದಿ ಸಂಖ್ಯೆ ತೋರಿಸುವ ಪರದೆಗಳಿಗೆ ತಂತ್ರಾಂಶ ಬರೆಯುವ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ನಾನು ಹಿರಿಯ ಎಂಜಿನಿಯರ್. ಆಕೆ ಹಾವೇರಿ ಕಡೆಯವರು, ಆರು ತಿಂಗಳ ಕರಾರಿನ ಮೇಲೆ ಪರೀಕ್ಷಕಿಯಾಗಿ ಸೇರಿದ್ದರು. ಒಂದು ಸಂಖ್ಯೆ ಮುಗಿದು ಇನ್ನೊಂದು ಬರುವ ನಡುವೆ ಪರದೆಯ ಮೇಲೆ 'ದಯವಿಟ್ಟು ನಿರೀಕ್ಷಿಸಿ' ಎಂದು ಮೂಡುತ್ತಿತ್ತು. ಹಾಗೆ ಮೂಡುವಾಗ ಯಾವಾಗಲೋ ಒಮ್ಮೆ, ಪರದೆಯ ಉದ್ದಕ್ಕೂ ಒಂದೇ ಒಂದು ಅಡ್ಡಗೆರೆ ಮಾತ್ರ ಹಿಂದಿನ ಚಿತ್ರದ್ದೇ ಆಗಿ ನಿಂತುಬಿಡುತ್ತಿತ್ತಂತೆ. 768 ಗೆರೆಗಳ ಪರದೆಯಲ್ಲಿ ಒಂದು ಗೆರೆ!

ಎದ್ದು ಹೋಗಿ ನೋಡಿದೆ. ಇರಲಿಲ್ಲ. "ಈಗ ಇತ್ತು ಸರ್" ಎಂದರು. ನಾನು ಮೌಸ್ ಮುಟ್ಟಿದ್ದೆ, ಅಷ್ಟೆ.

ನಮ್ಮಲ್ಲಿ ನಿಜವಾದ ಬೋರ್ಡುಗಳು ಇದ್ದದ್ದು ಎರಡೇ. ಉಳಿದವರೆಲ್ಲ ಕ್ಯೂಎಮ್ಯು ಎಂಬ ತಂತ್ರಾಂಶದೊಳಗೆ ಆ ಬೋರ್ಡಿನ ಸೋಗನ್ನು ಓಡಿಸಿ ಕೆಲಸ ಮಾಡುತ್ತಿದ್ದೆವು. ಫ್ಯಾಬ್ರಿಸ್ ಬೆಲ್ಲಾರ್ ಎಂಬ ಫ್ರೆಂಚ್ ಪ್ರೋಗ್ರಾಮರ್ 2003ರಲ್ಲಿ ಹೊರತಂದ ಇದನ್ನು ಈಗ ಜಗತ್ತಿನ ನೂರಾರು ಜನ ಬೆಳೆಸುತ್ತಿದ್ದಾರೆ. ಒಂದು ಯಂತ್ರದ ಹೊಟ್ಟೆಯಲ್ಲಿ ಇನ್ನೊಂದು ಯಂತ್ರ ಇದೆಯೆಂದು ನಟಿಸುವುದು ಅದರ ಕಸುಬು. ಒಳಗಿನ ಯಂತ್ರವನ್ನು ಅತಿಥಿ ಎನ್ನುತ್ತಾರೆ. ತನಗೊಂದು ಪರದೆ ಇದೆ ಎಂದು ಅತಿಥಿ ಪೂರ್ತಿ ನಂಬಿರುತ್ತದೆ. ಅದು ಬಣ್ಣಗಳನ್ನು ಮೆಮೊರಿಯ ಒಂದು ಭಾಗದಲ್ಲಿ ಬರೆಯುತ್ತ ಹೋಗುತ್ತದೆ. ಹೊರಗಿನ ಕ್ಯೂಎಮ್ಯು ಆಗ ಸುಮಾರು 30 ಮಿಲಿಸೆಕೆಂಡಿಗೊಮ್ಮೆ ಬಂದು ಆ ಮೆಮೊರಿಯನ್ನು ಇಣುಕಿ, ನಮ್ಮ ಕಣ್ಣಮುಂದಿನ ಕಿಟಕಿಯಲ್ಲಿ ಚಿತ್ರ ಬಿಡಿಸುತ್ತಿತ್ತು.

ಪ್ರತಿ ಸಲ ಇಡೀ ಚಿತ್ರ ಬಿಡಿಸಿದರೆ ಶ್ರಮ ವ್ಯರ್ಥ. ಹಾಗಾಗಿ ಒಂದು ಪಟ್ಟಿ ಇಟ್ಟುಕೊಳ್ಳುತ್ತಾರೆ. ಮೆಮೊರಿಯನ್ನು ಪುಟಗಳಾಗಿ ಕತ್ತರಿಸಿ, ಅತಿಥಿ ಯಾವ ಪುಟವನ್ನು ಮುಟ್ಟಿತೋ ಅದರ ಮುಂದೆ ಒಂದು ಗುರುತು. ಇಂಗ್ಲಿಷಿನಲ್ಲಿ ಅದನ್ನು ಡರ್ಟಿ ಎನ್ನುತ್ತಾರೆ. ನನಗೆ ಅದು ಮೊದಲಿಂದಲೂ 'ಮೈಲಿಗೆ' ಎಂದೇ ಅರ್ಥವಾದದ್ದು. ಮುಟ್ಟಿದರೆ ಮೈಲಿಗೆ, ಬಿಡಿಸಿದರೆ ಮತ್ತೆ ಮಡಿ. ನಮ್ಮಜ್ಜಿಗೆ ಇದನ್ನು ಅರ್ಧ ನಿಮಿಷದಲ್ಲಿ ವಿವರಿಸಬಹುದಿತ್ತು. ನಮ್ಮ ಪುಟ 4096 ಬೈಟಿನದು. ಅಡ್ಡಕ್ಕೆ 1024 ಚುಕ್ಕೆ, ಚುಕ್ಕೆಗೆ 4 ಬೈಟ್, ಗುಣಿಸಿದರೆ 4096. ಅಂದರೆ ಪರದೆಯ ಒಂದು ಗೆರೆಗೆ ಸರಿಯಾಗಿ ಒಂದು ಪುಟ. ಒಂದು ಗುರುತು ಕಳೆದುಹೋದರೆ ಒಂದು ಗೆರೆ ಹಳೆಯದಾಗಿಯೇ ಉಳಿಯುತ್ತದೆ. ಆಕೆ ಹೇಳಿದ್ದು ಅದನ್ನೇ. ಈ ಗುಣಾಕಾರವನ್ನು ನಾನು ಅವತ್ತೇ ಮಾಡಿದ್ದರೆ ಎಂದು ಈಗಲೂ ಅನಿಸುತ್ತದೆ. ನಾಲ್ಕನೇ ತರಗತಿಯ ಲೆಕ್ಕ.

ಮಾಡಲಿಲ್ಲ. ಆಕೆ ಮೂರು ಸಲ ವರದಿ ಬರೆದರು. ಮೂರು ಸಲವೂ ನನ್ನ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ, ಕಾಣದೆ, 'ಮರುಕಳಿಸುತ್ತಿಲ್ಲ' ಎಂದು ಬರೆದು ಮುಚ್ಚಿದೆ. ಮೂರನೆಯ ಸಲ ಇನ್ನೊಂದು ವಾಕ್ಯ ಸೇರಿಸಿದ್ದೆ: ವರದಿ ಮಾಡುವ ಮುನ್ನ ದಯವಿಟ್ಟು ಖಚಿತಪಡಿಸಿಕೊಳ್ಳಿ. ಜೂನ್ ಕೊನೆಗೆ ಆಕೆಯ ಕರಾರು ಮುಗಿಯಿತು, ನವೀಕರಿಸಲಿಲ್ಲ. ಅಭಿಪ್ರಾಯ ಕೇಳಿದಾಗ, "ಶ್ರದ್ಧೆ ಇದೆ, ಆದರೆ ಇಲ್ಲದ್ದನ್ನು ಕಾಣುತ್ತಾರೆ" ಎಂದು ನಗುತ್ತ ಹೇಳಿದವನು ನಾನೇ.

ಆಗಸ್ಟಿನಲ್ಲಿ ಗ್ರಾಹಕರೊಬ್ಬರ ಮುಂದೆ ಪ್ರದರ್ಶನ ಕೊಡುವಾಗ, ಆಕೆ ಬಳಸುತ್ತಿದ್ದ ಅದೇ ಕಂಪ್ಯೂಟರಿನಲ್ಲಿ, ಆ ಗೆರೆ ಬಂತು. 'ಕ್ಷಿ'ಯ ಹೊಟ್ಟೆಯ ಮೇಲೆ ಹಿಂದಿನ ಸಂಖ್ಯೆಯ ಕೆಂಪು. ಗ್ರಾಹಕರಿಗೆ ಕಾಣಲಿಲ್ಲ. ನನಗೆ ಬೇರೇನೂ ಕಾಣಲಿಲ್ಲ.

ಆಮೇಲಿನ ಮೂರು ವಾರ ಅದರ ಬೆನ್ನು ಬಿದ್ದೆ. ಹೀಗಾಗುವಾಗ ಏನು ನಡೆಯುತ್ತಿದೆ ಎಂದು ತಿಳಿಯಲು ನಡುನಡುವೆ ಒಂದೊಂದು ಸಾಲು ಮುದ್ರಿಸುವಂತೆ ಬರೆದರೆ ಗೆರೆ ಮಾಯ. ತೆಗೆದರೆ ಮತ್ತೆ ಹಾಜರು. ನೋಡಲು ಹೋದರೆ ಓಡಿಹೋಗುವ ಇಂಥ ತಪ್ಪುಗಳಿಗೆ ನಮ್ಮವರು ಭೌತವಿಜ್ಞಾನಿ ಹೈಸೆನ್‌ಬರ್ಗ್ ಹೆಸರನ್ನು ತಿರುಚಿ 'ಹೈಸೆನ್‌ಬಗ್' ಎಂದು ಕರೆಯುತ್ತಾರೆ. ಮುದ್ರಿಸಲು ತಗಲುವ ಅಷ್ಟು ಚೂರು ಹೊತ್ತೇ ಸಾಕು, ಇಬ್ಬರ ಹೆಜ್ಜೆ ಬದಲಾಗುತ್ತದೆ. ಇಬ್ಬರು ಎಂದರೆ ಎರಡು ಥ್ರೆಡ್‌ಗಳು: ಒಬ್ಬ ಅತಿಥಿಯ ಕೆಲಸ ಓಡಿಸುವವ, ಇನ್ನೊಬ್ಬ ಚಿತ್ರ ಬಿಡಿಸುವವ. ಇಬ್ಬರೂ ಮುಟ್ಟುವುದು ಅದೇ ಮೆಮೊರಿ, ಅದೇ ಪಟ್ಟಿ. ಯಾರು ಮೊದಲು ಎಂಬುದರ ಮೇಲೆ ಫಲಿತಾಂಶ ನಿಂತರೆ ಅದೇ ರೇಸ್ ಕಂಡಿಷನ್.

ಕೊನೆಗೆ ಹೊಳೆದದ್ದು ಇಷ್ಟು. ನನ್ನ ಕಂಪ್ಯೂಟರಿನಲ್ಲಿದ್ದದ್ದು ಕ್ಯೂಎಮ್ಯುವಿನ ಹಳೆಯ 2.8ನೇ ಆವೃತ್ತಿ. ಪರೀಕ್ಷಕರ ಕಂಪ್ಯೂಟರುಗಳಿಗೆ ಆ ಏಪ್ರಿಲ್‌ನಲ್ಲಿ ಬಿಡುಗಡೆಯಾದ 2.9 ಹಾಕಿದ್ದೆವು. ಹಾಕಲು ಹೇಳಿದವನೂ ನಾನೇ.

ಹಳೆಯ ಆವೃತ್ತಿಯಲ್ಲಿ ಒಂದು ದೊಡ್ಡ ಬೀಗ ಇತ್ತು. ಹೆಸರೇ ಹಾಗೆ, 'ಬಿಗ್ ಕ್ಯೂಎಮ್ಯು ಲಾಕ್'. ನಮ್ಮ ಬೋರ್ಡಿನಂತೆ ಬೇರೆ ಜಾತಿಯ ಪ್ರೊಸೆಸರನ್ನು ಅನುವಾದ ಮಾಡುತ್ತ ಓಡಿಸುವಾಗ ಅತಿಥಿಯ ಥ್ರೆಡ್ ಈ ಬೀಗ ಹಿಡಿದುಕೊಂಡೇ ಓಡುತ್ತಿತ್ತು. ಅದು ಕೈಬಿಟ್ಟಾಗ ಮಾತ್ರ ಚಿತ್ರ ಬಿಡಿಸುವವನ ಸರದಿ. ಒಂಟಿ ಹಳಿಯ ರೈಲುಮಾರ್ಗದಲ್ಲಿ ಸ್ಟೇಷನ್ ಮಾಸ್ತರು ಬೆತ್ತದ ಬಳೆಗೆ ಕಟ್ಟಿ ಡ್ರೈವರನ ಕೈಗೆ ಕೊಡುತ್ತಿದ್ದ ಟೋಕನ್ ನೆನಪಿದೆಯೇ? ಅದು ಕೈಯಲ್ಲಿದ್ದ ಗಾಡಿಗಷ್ಟೇ ಹಳಿ. (ಈ ವಿದ್ಯೆಯ ಆದಿಪುರುಷರಲ್ಲೊಬ್ಬರಾದ ಡೈಕ್‌ಸ್ಟ್ರಾ 1960ರ ದಶಕದಲ್ಲಿ ತಮ್ಮ ಸಾಧನಕ್ಕೆ ಇಟ್ಟ ಹೆಸರೂ ರೈಲಿನ ಕೈಮರದ್ದೇ, ಸೆಮಫೋರ್.) ಆದರೆ ಈಗಿನ ಕಂಪ್ಯೂಟರುಗಳಲ್ಲಿ ನಾಲ್ಕು, ಎಂಟು ಹಳಿಗಳಿರುವಾಗ ಒಂದೇ ಟೋಕನ್ನಿಗೆ ಎಲ್ಲರೂ ಕಾಯುವುದೇಕೆ? 2.9ರಲ್ಲಿ ಅತಿಥಿಯ ಥ್ರೆಡ್ ಬೀಗ ಬಿಟ್ಟು ಓಡುವಂತೆ ಮಾಡಿದರು. ವೇಗ ಬಂತು. ಬೀಗದ ಹಿಂದೆ ವರ್ಷಗಟ್ಟಲೆ ತೆಪ್ಪಗೆ ಕೂತಿದ್ದ ಒಂದು ತಪ್ಪೂ ಹೊರಬಂತು.

ಆ ತಪ್ಪು ಯಾವುದೆಂದರೆ, ಚಿತ್ರ ಬಿಡಿಸುವವನು ಮೊದಲು ಪಟ್ಟಿ ನೋಡುತ್ತಿದ್ದ, ಮೈಲಿಗೆಯಾದ ಗೆರೆಗಳನ್ನು ಮೆಮೊರಿಯಿಂದ ಓದಿ ಬಿಡಿಸುತ್ತಿದ್ದ, ಎಲ್ಲ ಮುಗಿದ ಮೇಲೆ ಪಟ್ಟಿಯ ಗುರುತುಗಳನ್ನು ಒರೆಸುತ್ತಿದ್ದ. ಓದಿದ್ದಕ್ಕೂ ಒರೆಸಿದ್ದಕ್ಕೂ ನಡುವೆ ಅತಿಥಿ ಅದೇ ಗೆರೆಯನ್ನು ಇನ್ನೊಮ್ಮೆ ಮುಟ್ಟಿದರೆ ಆ ಹೊಸ ಗುರುತೂ ಹಳೆಯದರ ಜೊತೆ ಒರೆಸಿಹೋಗುತ್ತಿತ್ತು. ಪಟ್ಟಿಯ ಪ್ರಕಾರ ಎಲ್ಲ ಮಡಿ. ಪರದೆಯ ಮೇಲೆ ಹಳೆಯ ಗೆರೆ. ಅತಿಥಿ ಯಾವ ಕಾರಣಕ್ಕಾದರೂ ಅದನ್ನು ಮತ್ತೆ ಮುಟ್ಟುವವರೆಗೆ, ಉದಾಹರಣೆಗೆ ನನ್ನಂಥವನು ಬಂದು ಮೌಸ್ ಆಡಿಸುವವರೆಗೆ, ಅದು ಹಾಗೆಯೇ.

ಇದನ್ನು ಓದುತ್ತ ಕೂತಿದ್ದಾಗ, ರಾತ್ರಿ ಹನ್ನೊಂದರ ಸುಮಾರಿಗೆ, ನನಗೆ ನಮ್ಮ ಮನೆಯ ಸ್ಲೇಟು ನೆನಪಾಯಿತು.

ಸಾಗರದ ಹತ್ತಿರದ ನಮ್ಮ ಹಳ್ಳಿಮನೆಯ ಅಡುಗೆಮನೆ ಬಾಗಿಲಿಗೆ ಒಂದು ಸ್ಲೇಟು ನೇತುಹಾಕಿತ್ತು. ಪೇಟೆಯಿಂದ ಏನೇನು ಬರಬೇಕೋ ಅಮ್ಮ ಅದರಲ್ಲಿ ಬರೆಯುತ್ತಿದ್ದಳು. ಸಂತೆಯ ದಿನ ಬೆಳಿಗ್ಗೆ ಅಪ್ಪ ಅದನ್ನು ಚೀಟಿಗೆ ಇಳಿಸಿಕೊಂಡು ಬಸ್ಸು ಹತ್ತುತ್ತಿದ್ದರು. ಸಂಜೆ ಬಂದು, ಚೀಲ ಬರಿದು ಮಾಡಿ, ಚೀಟಿಯ ಜೊತೆ ತಾಳೆ ನೋಡಿ, ಒದ್ದೆ ಬಟ್ಟೆಯಿಂದ ಸ್ಲೇಟನ್ನು ಒಂದೇ ಸಲಕ್ಕೆ ಒರೆಸುತ್ತಿದ್ದರು. "ಸಾಮಾನು ಮನೆಗೆ ಬಂದ ಮೇಲೇ ಅಳಿಸ್ಬೇಕು, ಮೊದಲೇ ಅಳಿಸಿದ್ರೆ ಗೊಂದಲ" ಎನ್ನುವುದು ಅವರ ಶಿಸ್ತು. ಕೇಳಿದರೆ ಸರಿಯೇ ಅನಿಸುತ್ತದೆ. ಕ್ಯೂಎಮ್ಯು ಬರೆದವರಿಗೂ ಹಾಗೇ ಅನಿಸಿರಬೇಕು.

ಅಜ್ಜಿಗೆ ಗ್ಲಾಕೋಮಾ ಇತ್ತು, ದಿನಕ್ಕೆರಡು ಸಲ ಕಣ್ಣಿಗೆ ಹನಿ. ನಾನು ಆರನೇ ತರಗತಿಯಲ್ಲಿದ್ದಾಗ ಆ ಔಷಧಿ ಮುಗಿದು ಎರಡು ವಾರ ಹಾಗೇ ಹೋಯಿತು. "ನಾನು ಬರ್ದಿದ್ದೆ" ಎಂದಳು ಅಮ್ಮ. "ಬರ್ದಿದ್ರೆ ಚೀಟೀಲಿ ಇರ್ತಿತ್ತು" ಎಂದರು ಅಪ್ಪ, ಚೀಟಿ ತೆಗೆದು ತೋರಿಸಿದರು. ಇರಲಿಲ್ಲ. ಅಮ್ಮ ಬರೆದದ್ದು ಅಪ್ಪ ಪೇಟೆಯಲ್ಲಿದ್ದ ಮಧ್ಯಾಹ್ನ, ಸೀಸೆಯ ತಳ ಕಂಡಾಗ, ಮುಂದಿನ ಸಂತೆಗೆಂದು. ಸಂಜೆ ಅದೂ ಒರೆಸಿಹೋಗಿತ್ತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅಪ್ಪನ ಕೈಯಲ್ಲಿ ಚೀಟಿ ಇತ್ತು, ಅಮ್ಮನ ಕೈಯಲ್ಲಿ ಏನೂ ಇರಲಿಲ್ಲ. ಅಂದಿನಿಂದ ಮನೆಯಲ್ಲಿ ಅಮ್ಮನಿಗೆ 'ಮರೆವು' ಎಂದಾಯಿತು. ಚಿಕ್ಕಪ್ಪ, ಅತ್ತೆಯಂದಿರು ಬಂದಾಗ ಅದೊಂದು ತಮಾಷೆ. ನಾನೂ ತಂಗಿಯೂ ನಗುತ್ತಿದ್ದೆವು. ಅಜ್ಜಿಯ ಎಡಗಣ್ಣು ಮುಂದೆ ಪೂರ್ತಿ ಹೋಯಿತು. ಅದು ಆ ಎರಡು ವಾರದಿಂದಲೋ, ಹೇಗೂ ಹೋಗುವುದಿತ್ತೋ, ಡಾಕ್ಟರೂ ಹೇಳಲಿಲ್ಲ. ಅಮ್ಮ ಮಾತ್ರ ತನ್ನ ಮರೆವಿನಿಂದಲೇ ಎಂದುಕೊಂಡಳು.

ಅಮ್ಮನೂ ಅಪ್ಪನ ಜೊತೆ ಸಂತೆಗೆ ಹೋದ ವಾರಗಳಲ್ಲಿ ಇಂಥದ್ದು ಒಮ್ಮೆಯೂ ಆಗಿರಲಿಲ್ಲ. ಆ ಹೊತ್ತಿನಲ್ಲಿ ಸ್ಲೇಟಿನ ಮೇಲೆ ಬರೆಯುವವರೇ ಮನೆಯಲ್ಲಿರುತ್ತಿರಲಿಲ್ಲವಲ್ಲ. ಅದು ಆ ದೊಡ್ಡ ಬೀಗ.

ಪರಿಹಾರ ನಾಚಿಕೆಯಾಗುವಷ್ಟು ಸರಳ. ಬೆಳಿಗ್ಗೆ ಚೀಟಿಗೆ ಇಳಿಸಿಕೊಂಡ ಕೂಡಲೇ ಸ್ಲೇಟು ಒರೆಸಿ ಹೊರಡಬೇಕು. ಆಮೇಲೆ ಬರೆದದ್ದೆಲ್ಲ ಮುಂದಿನ ವಾರಕ್ಕೆ ತಾನಾಗಿ ಉಳಿಯುತ್ತದೆ. ಕ್ಯೂಎಮ್ಯುವಿನಲ್ಲೂ ಅದನ್ನೇ ಮಾಡಿದ್ದರು: ಪಟ್ಟಿಯ ನಕಲು ತೆಗೆದುಕೊಂಡು, ಆಗಲೇ ಮೂಲವನ್ನು ಒರೆಸಿ, ಆಮೇಲೆ ನಕಲು ನೋಡಿಕೊಂಡು ಚಿತ್ರ ಬಿಡಿಸುವುದು. ನಕಲು ತೆಗೆಯುವುದೂ ಒರೆಸುವುದೂ ನಡುವೆ ಯಾರೂ ತೂರದಂತೆ ಒಂದೇ ಏಟಿಗೆ ಆಗಬೇಕು, ಅಷ್ಟೆ. ಹೆಚ್ಚೆಂದರೆ ಒಂದು ಗೆರೆಯನ್ನು ಎರಡು ಸಲ ಬಿಡಿಸಬೇಕಾದೀತು, ಅರ್ಧ ಸೇರು ಸಕ್ಕರೆ ಎರಡು ಸಲ ಬಂದ ಹಾಗೆ. ಈ ತಿದ್ದುಪಡಿಯನ್ನು ಆ ಬೇಸಿಗೆಯಲ್ಲೇ ಯಾರೋ ಬರೆದು ಹಾಕಿದ್ದರು. ಓದಿದ ಮೇಲೆ ಒರೆಸಿದರೆ ಏನಾಗುತ್ತದೆ ಎಂದು ನಾಲ್ಕೈದು ಸಾಲಿನಲ್ಲಿ ವಿವರಿಸಿಯೂ ಇದ್ದರು. ನಾನು ಪರೀಕ್ಷಕಿಯ ಮೂರನೇ ವರದಿ ಮುಚ್ಚುವಾಗ ಅದು ಎಲ್ಲರಿಗೂ ಓದಲು ಸಿಗುತ್ತಿತ್ತು. ಆಗಸ್ಟ್ ಕೊನೆಗೆ ಬಂದ 2.10ರಲ್ಲಿ ಅದು ಸೇರಿತ್ತು. ಹಾಕಿಕೊಂಡೆವು, ಗೆರೆ ಹೋಯಿತು.

ಈ ಬಗೆಯ ತಪ್ಪುಗಳ ಚರಿತ್ರೆಯಲ್ಲಿ ಥೆರಾಕ್-25 ಎಂಬ ವಿಕಿರಣ ಯಂತ್ರದ ಕತೆಯನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದಿರುತ್ತಾರೆ. 1985ರಿಂದ 87ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ರೋಗಿಗಳಿಗೆ ಅದು ವಿಪರೀತ ವಿಕಿರಣ ಕೊಟ್ಟಿತು, ಕೆಲವರು ಅದರಿಂದಲೇ ಸತ್ತರು. ನಾನೂ ಪರೀಕ್ಷೆಗೆಂದು ಓದಿದ್ದೆ. ಆದರೆ ಅದರ ಒಂದು ವಿವರ ಆ ರಾತ್ರಿಯವರೆಗೆ ನನ್ನನ್ನು ತಟ್ಟಿರಲಿಲ್ಲ. ಯಂತ್ರ ಮಾಡಿದವರಿಗೆ ಆ ತಪ್ಪನ್ನು ಮರುಕಳಿಸಲು ಆಗಿರಲಿಲ್ಲ. ಟೆಕ್ಸಸ್‌ನ ಆಸ್ಪತ್ರೆಯೊಂದರಲ್ಲಿ ಯಂತ್ರ ನಡೆಸುತ್ತಿದ್ದಾಕೆ, ಅಲ್ಲಿನ ಭೌತವಿಜ್ಞಾನಿಯ ಜೊತೆ ಕೂತು, ತಾನು ಅವತ್ತು ಏನು ಒತ್ತಿದೆ ಎಂದು ನೆನಪಿಸಿಕೊಂಡು ಮತ್ತೆ ಮತ್ತೆ ಮಾಡಿ ತೋರಿಸಿದಳು. ಅಕ್ಷರ ತಪ್ಪಾಗಿ ಒತ್ತಿ, ಮೇಲೆ ಹೋಗಿ, ಸರಕ್ಕನೆ ತಿದ್ದಿದರೆ ಮಾತ್ರ ಅದು ಆಗುತ್ತಿತ್ತು. ಕಸುಬು ಬಲ್ಲವಳ ವೇಗದಲ್ಲಿ ಒತ್ತಬೇಕಿತ್ತು. ನಿಧಾನವಾಗಿ, ಎಚ್ಚರಿಕೆಯಿಂದ ಒತ್ತಿ ನೋಡಿದವರಿಗೆ ಯಂತ್ರ ಸಾಧುವಾಗಿಯೇ ಇತ್ತು.

ಮರುದಿನ ಮೂರು ವರದಿಗಳನ್ನೂ ತೆರೆದು, 'ವರದಿ ಸರಿಯಿತ್ತು, ಪರಿಶೀಲನೆ ತಪ್ಪಿತ್ತು' ಎಂದು ನನ್ನ ಹೆಸರಲ್ಲೇ ಬರೆದೆ. ಸಿಬ್ಬಂದಿ ವಿಭಾಗಕ್ಕೂ ಹೋದೆ. ಆ ಕಡತ ಮುಗಿದಿದೆ, ಆ ಹುದ್ದೆಯೂ ಈಗಿಲ್ಲ ಎಂದರು.

ಸಂಜೆ ಊರಿಗೆ ಫೋನ್ ಮಾಡಿ ಅಮ್ಮನಿಗೆ ಎಲ್ಲ ಹೇಳಿದೆ. ಥ್ರೆಡ್, ಬೀಗ ಎಲ್ಲ ಬಿಟ್ಟು ಸ್ಲೇಟಿನದಷ್ಟೇ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಂಗೆ ಆಗ್ಲೇ ಅನುಮಾನ ಬಂದಿತ್ತು ಮಾರಾಯಾ" ಎಂದಳು. "ಅದಕ್ಕೇ ಆಮೇಲಿಂದ ಅಜ್ಜಿ ಔಷಧಿದು ಮಾತ್ರ ಸ್ಲೇಟಲ್ಲೂ ಬರೀತಿದ್ದೆ, ಬಾಗಿಲ ಹಿಂದೆ ಗೋಡೆ ಮೇಲೂ ಇದ್ದಿಲಲ್ಲಿ ಒಂದು ಗೀಟು ಎಳೀತಿದ್ದೆ. ಗೋಡೆ ಒರೆಸೋಕೆ ಯಾರೂ ಬರ್ತಿರ್ಲಿಲ್ಲ."

"ಹೇಳ್ಬೇಕಿತ್ತಲ್ಲ ಅಮ್ಮಾ ಅಪ್ಪನಿಗೆ?"

"ಹೇಳಿದ್ದೆ. ಅವರು ಬೆಳಿಗ್ಗೆ ಬಂದು ಸ್ಲೇಟ್ ನೋಡಿದ್ರು. ಅದ್ರಲ್ಲಿ ಏನಿತ್ತು ನೋಡೋಕೆ? ತೊಳ್ದಿಟ್ಟ ಹಂಗಿತ್ತು."

ಆ ಪರೀಕ್ಷಕಿಗೆ ಪತ್ರ ಬರೆಯಲು ಎರಡು ದಿನ ಹಿಡಿಯಿತು. ಕಾರಣ ವಿವರಿಸಿದೆ, ಕ್ಷಮೆ ಕೇಳಿದೆ, ಬೇರೆಲ್ಲಾದರೂ ಕೆಲಸಕ್ಕೆ ನನ್ನ ಶಿಫಾರಸು ಬೇಕಾದರೆ ಬರೆದುಕೊಡುತ್ತೇನೆ ಎಂದೆ. ವಾರದ ಮೇಲೆ ಉತ್ತರ ಬಂತು. ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿದೆ, ಶಿಫಾರಸು ಬೇಡ ಎಂದು ಒಂದು ಸಾಲು. ಬೀಗ ತೆಗೆದದ್ದರಿಂದ ವೇಗ ಎಷ್ಟು ಹೆಚ್ಚಾಯಿತು ಎಂದು ಒಂದು ಪ್ರಶ್ನೆ. ಜೊತೆಗೊಂದು ಫೋಟೋ, ಮೊಬೈಲಿನಲ್ಲಿ ತೆಗೆದದ್ದು, ತಾರೀಕು ಮೇ ತಿಂಗಳದ್ದು. ಪರದೆಯ ಮೇಲೆ 'ದಯವಿಟ್ಟು ನಿರೀಕ್ಷಿಸಿ', ಅದರ ನಡುವೆ ಈ ಅಂಚಿನಿಂದ ಆ ಅಂಚಿಗೆ ಕೂದಲೆಳೆಯಷ್ಟು ಕೆಂಪು ಗೆರೆ. ಮೂಲೆಯಲ್ಲಿ, ಸ್ವಲ್ಪ ಮಸುಕಾಗಿ, ಮೌಸಿನ ಕಡೆ ಬರುತ್ತಿರುವ ನನ್ನ ಕೈ.